ಪ್ರಕಟಣೆ ಓದಿದ ಪಾಪ

ಸಿಕ್ಕವರನ್ನೆಲ್ಲ ಅಣಕಿಸುವ ಚಾಳಿ ನನಗೆ ಚಿಕ್ಕಂದಿನಿಂದಲೂ ಇದೆ. ಯಲಹಂಕದ ನಮ್ಮ ಬೀದಿಯಲ್ಲಿ ನನ್ನ ಗಂಟಲಿಗೆ ಸಿಗದೆ ಉಳಿದವರು ಕಡಿಮೆ. ನೀರಿನ ಟ್ಯಾಂಕರಿನ ಹಾರನ್ನನ್ನೂ ಬಿಟ್ಟವನಲ್ಲ. ಆದರೆ ನನಗೆ ನಿಜವಾದ ಹೆಸರು ತಂದದ್ದು ಒಂದು ಆನ್‌ಲೈನ್ ಆಟದ ಕಂಪನಿಯ ಅಣಕ.

ಎಂಟು ವರ್ಷದಿಂದ ಆಡುತ್ತಿರುವ ಆಟ. ನದಿಯ ದಂಡೆಯಲ್ಲಿ ಮನೆ ಕಟ್ಟಬೇಕು, ಮೀನು ಹಿಡಿಯಬೇಕು, ನೆರೆಯವರೊಡನೆ ಸೇರಿ ಕಳ್ಳರನ್ನು ಓಡಿಸಬೇಕು. ಅಷ್ಟೇ ಇದ್ದಾಗ ಚೆನ್ನಾಗಿತ್ತು. ಆಮೇಲೆ ನಡೆಸುವವರಿಗೆ ಸುಧಾರಣೆಯ ಹುಚ್ಚು ಹಿಡಿಯಿತು. ಆಟ ನಡುವೆ ನಿಂತುಹೋಗುತ್ತದೆ, ಸರಿಮಾಡಿ ಎಂದು ಬೇಡಿಕೊಂಡರೆ ಕುದುರೆಗೆ ರೆಕ್ಕೆ ಕೊಟ್ಟರು. ರೆಕ್ಕೆ ಬೇಡ ಎಂದರೆ ಬಣ್ಣದ ರೆಕ್ಕೆ ಕೊಟ್ಟರು. ಪ್ರತಿಸಲವೂ ಇಂಗ್ಲಿಷಿನಲ್ಲೊಂದು ಪ್ರಕಟಣೆ. ಅದನ್ನು ನಾನು ಕನ್ನಡಕ್ಕಿಳಿಸಿ, ಗಗನಸಖಿಯ ಜೇನುದನಿಯಲ್ಲಿ, "ಪ್ರೀತಿಯ ಆಟಗಾರರೇ, ನಿಮ್ಮ ದೂರು ನಮ್ಮ ಹೃದಯ ತಲುಪಿದೆ. ಆದ್ದರಿಂದ ನಿಮ್ಮ ದೋಣಿಗಳನ್ನು ಕಿತ್ತುಕೊಳ್ಳುತ್ತಿದ್ದೇವೆ" ಎಂದು ನಮ್ಮ ಗುಂಪಿಗೆ ಮೈಕಿನಲ್ಲಿ ಓದುವುದು ವಾಡಿಕೆ. ಅರ್ಧ ಅವರದ್ದು, ಅರ್ಧ ನನ್ನ ಮಸಾಲೆ.

ಇದಕ್ಕೆ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವರು ಅನ್ವರ್ ಭಾಯ್. ಆರ್.ಟಿ. ನಗರದಲ್ಲಿ ಕನ್ನಡಕದ ಅಂಗಡಿ. ಊರಿಗೆಲ್ಲ ಓದುವ ಕನ್ನಡಕ ಕೊಡುವ ಈ ಮನುಷ್ಯ ಒಂದು ಪ್ರಕಟಣೆಯನ್ನೂ ತಾವಾಗಿ ಓದಿದವರಲ್ಲ. "ನೀನಿದೀಯಲ್ಲ ಗುರು, ನಾನ್ಯಾಕ್ ಕಣ್ ನೋಯಿಸ್ಕೊಳ್ಲಿ?" ಅನ್ನುವರು. ಆಟದಲ್ಲಿ ಅವರದ್ದೊಂದು ಸೊಟ್ಟ ಮನೆ. ಮಗಳು ಸನಾ ಎರಡನೇ ಕ್ಲಾಸಿನಲ್ಲಿದ್ದಾಗ ಅಪ್ಪನ ತೊಡೆಯ ಮೇಲೆ ಕೂತು, ಮೈಕಿನಲ್ಲಿ ನನ್ನ ಅಣಕ ಕೇಳಿ ನಗುತ್ತ ಕಟ್ಟಿದ್ದು: ಬಾಗಿಲು ಚಾವಣಿಯಲ್ಲಿ, ಮೆಟ್ಟಿಲು ಸೀದಾ ನೀರಿಗೆ. ಈಗ ಅವಳು ಹತ್ತನೇ ಕ್ಲಾಸು; ಅಪ್ಪನ ಪಕ್ಕ ಕೂರಲು ಪುರುಸೊತ್ತಿಲ್ಲ. ಭಾಯ್ ಮಾತ್ರ ದಿನಾ ಅಂಗಡಿ ತೆರೆಯುವ ಮುಂಚೆ ಆ ಮನೆಗೊಂದು ಸುತ್ತು ಹಾಕಿ ಬರುತ್ತಿದ್ದರು.

ಕಳೆದ ತಿಂಗಳು ಪ್ರಕಟಣೆ ಬಂತು: ಹಳೆಯ ನದಿಯನ್ನು ಮುಚ್ಚುತ್ತೇವೆ, ಭಾನುವಾರದೊಳಗೆ ಗುಂಡಿ ಒತ್ತಿದರೆ ನಿಮ್ಮ ಮನೆ ಹೊಸ ನಗರಕ್ಕೆ ಹೋಗುತ್ತದೆ, ಒತ್ತದಿದ್ದರೆ ಇಲ್ಲ. ಇದಕ್ಕೆ ಮಸಾಲೆಯೇ ಬೇಕಿರಲಿಲ್ಲ. ಜೇನುದನಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಓದಿದೆ. ಭಾಯ್ ಬಿದ್ದುಬಿದ್ದು ನಕ್ಕರು. "ನದೀನೇ ಮುಚ್ತಾರಂತೆ! ಇವತ್ತಿಂದು ಸೂಪರ್ ಮಗಾ!" ಇದು ನಿಜ ಭಾಯ್, ಎಂದು ಅಲ್ಲೇ ಹೇಳಬೇಕಿತ್ತು. ಆ ನಗುವನ್ನು ಕೆಡಿಸಲು ಮನಸ್ಸಾಗಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡು ಮರೆತೆ. ನನ್ನ ಮನೆಯ ಗುಂಡಿಯನ್ನು ಮಾತ್ರ ಮರೆಯದೆ ಒತ್ತಿದ್ದೆ.

ಸೋಮವಾರ ಭಾಯ್ ಮನೆಯಿದ್ದ ಜಾಗದಲ್ಲಿ ಬರೀ ಮಣ್ಣು. ಕಂಪನಿಗೆ ಬರೆದೆ. "ನಿಮ್ಮ ಉತ್ಸಾಹಕ್ಕೆ ಧನ್ಯವಾದ" ಎಂದು ಯಂತ್ರವೊಂದು ಉತ್ತರಿಸಿತು.

ಅಂಗಡಿಗೆ ಹೋಗಿ ತಪ್ಪೊಪ್ಪಿಕೊಂಡೆ. ಭಾಯ್ ಬೈಯಲಿಲ್ಲ, ಯಾರದೋ ಕನ್ನಡಕದ ಗಾಜನ್ನು ಒರೆಸುತ್ತಲೇ ಇದ್ದರು. "ಅವ್ರು ಏನ್ ಬೇಕಾದ್ರೂ ಮಾಡ್ತಾರೆ ಅಂತ ಗೊತ್ತಿತ್ತು ಗುರು. ಇಷ್ಟ್ ಮಾಡ್ತಾರೆ ಅಂತ ಗೊತ್ತಿರ್ಲಿಲ್ಲ. ಪರೀಕ್ಷೆ ಮುಗಿದ್ಮೇಲೆ ನಮ್ಮನೆ ನೋಡೋಣ ಅಬ್ಬಾ ಅಂದಿದ್ಲು ಸನಾ. ನನ್ ಕೈಲಿ ಹೇಳಕ್ಕಾಗಲ್ಲ, ನೀನೇ ಹೇಳು" ಎಂದು ಫೋನು ಹಚ್ಚಿ ನನ್ನ ಕೈಗಿಟ್ಟರು.

ಗಂಟಲೊಳಗಿದ್ದ ಅಷ್ಟೂ ಜನರನ್ನು ಆಚೆಗೆ ಕಳಿಸಿ, ನನ್ನದೇ ದನಿಯಲ್ಲಿ ಹೇಳಿದೆ: "ಸನಾ, ನಿಮ್ಮ ನದಿ ಮನೆ ಹೋಯ್ತು ಕಣಮ್ಮ. ತಪ್ಪು ನಂದು."

ಆ ಕಡೆಯಿಂದ ಕಿಲಕಿಲ ನಗು.

"ಅಣ್ಣಾ, ಇದ್ಯಾರ್ ಮಿಮಿಕ್ರಿ? ಒಂಚೂರೂ ಚೆನ್ನಾಗಿಲ್ಲ!"