ಪಕ್ಕದ ಕಾರನ್ನು ಮುಟ್ಟದ ಇಲಿ

ಮನೆಯ ಹೊರಗೆ ಕಾರು ನಿಲ್ಲಿಸುವವರಿಗೆ ಇಲಿಯ ಕಾಟ ಇದ್ದದ್ದೇ, ಒಂದು ಮುಗಿಯಿತು ಅನ್ನುವಾಗ ಇನ್ನೊಂದು ಆಗುತ್ತಲೇ ಇರುತ್ತದೆ ಎಂದು ನಮ್ಮ ಗ್ಯಾರೇಜಿನವರು ಸಮಾಧಾನ ಹೇಳುತ್ತಾರೆ. ಹಾಗಾದರೆ ಪಕ್ಕದ ಮನೆಯವರಿಗೆ ಯಾಕೆ ಆಗುವುದಿಲ್ಲ ಎಂದು ಕೇಳಿದರೆ ಮಾತ್ರ, ಸ್ಪ್ಯಾನರು ಹುಡುಕುವ ನೆಪದಲ್ಲಿ ಬಗ್ಗಿಬಿಡುತ್ತಾರೆ.

ಒಂದೇ ಶೀಟಿನ ಕೆಳಗೆ

ನಾವು ಗದಗದ ಕಡೆಯವರು. ನಮ್ಮವರಿಗೆ ಸುಳ್ಯದ ಕಾಲೇಜಿನಲ್ಲಿ ಗಣಿತ ಪಾಠ ಮಾಡುವ ಕೆಲಸ ಸಿಕ್ಕಿತೆಂದು ಬಂದವರು, ನಿವೃತ್ತಿಯಾದ ಮೇಲೂ ಇಲ್ಲೇ ಉಳಿದೆವು. ಪಕ್ಕದ ಮನೆಯಾಕೆ ಇಲ್ಲಿಯವಳೇ. ಮನೆಯೊಳಗೆ ಅರೆಭಾಷೆ, ನನ್ನ ಜೊತೆ ಕನ್ನಡ. ಆಕೆಯ ತವರು ಕಡಬದ ಹತ್ತಿರ. ಬೆಳಿಗ್ಗೆ ಹೋಗಿ, ತಾಯಿಯ ಕೈಯಡುಗೆ ಉಂಡು, ಸಂಜೆ ದೀಪ ಹಚ್ಚುವ ಹೊತ್ತಿಗೆ ವಾಪಸ್ಸು ಬಂದಿರುತ್ತಾಳೆ. ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿಂದ. ಕಾರು ಆಮೇಲೆ ಬಂದದ್ದು.

ಎರಡು ಮನೆಗಳ ನಡುವೆ ಒಂದು ತಗಡಿನ ಶೀಟು ಹಾಕಿಸಿದ್ದೇವೆ. ಅದರ ಕೆಳಗೆ ಅವರ ಬಿಳಿ ಕಾರು, ನಮ್ಮ ಕೆಂಪು ಕಾರು. ಅವರದು ದೊಡ್ಡದು, ಶೋರೂಮಿನಿಂದ ಬಂದದ್ದು. ನಮ್ಮದು ಪುತ್ತೂರಿನ ಒಬ್ಬರು ಓಡಿಸಿ ಸಾಕಾಗಿ ಕೊಟ್ಟದ್ದು. ಅವರ ಕಾರನ್ನು ದಿನಾ ಒರೆಸಿ ಹೊದಿಕೆ ಹೊದೆಸುತ್ತಾರೆ. ಓಡಿಸುವುದು ಕಡಿಮೆ. ತವರಿಗೆ ಹೋಗುವಾಗಲೂ ಆಕೆ ಬಸ್ಸಿಗೇ ಹೋಗುವುದು. ಯಾಕೆಂದು ಕೇಳಿದರೆ, "ಅಲ್ಲಿ ಮಣ್ಣಿನ ರಸ್ತೆ ಅಕ್ಕ, ಕಾರು ಕೊಳೆ ಆಗ್ತದೆ" ಎನ್ನುತ್ತಾಳೆ.

ನಾವು ಕಾರು ಕೊಂಡದ್ದಕ್ಕೆ ಕಾರಣ ಗದಗದಲ್ಲಿರುವ ನನ್ನ ತಂಗಿ. ಆಕೆಯ ಮನೆಗೆ ಕಾರು ಬಂದ ದಿನದಿಂದ ಫೋನು ಮಾಡಿದಾಗಲೆಲ್ಲ, "ಅಕ್ಕಾ, ನೀವು ಬಸ್ಸಿಗೇ ಬರ್ತೀರಲ್ಲ, ಸ್ಟ್ಯಾಂಡಿಗೆ ಕಾರ್ ಕಳಸ್ಲೇನು?" ಎಂದು ಕೇಳುತ್ತಾಳೆ. ಪ್ರೀತಿಯಿಂದಲೇ ಕೇಳುವುದು. ಅದಕ್ಕೇ ಅದು ಹೆಚ್ಚು ಚುಚ್ಚುತ್ತದೆ. ಆಕೆಯ ಮಗಳ ಸೀಮಂತ ಹತ್ತಿರ ಬಂದಿತ್ತು. ಈ ಸಲ ನಮ್ಮದೇ ಕಾರಿನಲ್ಲಿ ಹೋಗಿ ಅವಳ ಬಾಗಿಲ ಮುಂದೆ ಇಳಿಯಬೇಕು ಎಂದು ನಾನು ನಿಶ್ಚಯ ಮಾಡಿದ್ದೆ.

ಕಾರು ಬಂದು ಒಂದು ವಾರವಾಗಿತ್ತು. ಬೆಳಿಗ್ಗೆ ನೋಡಿದರೆ ಸ್ಟಾರ್ಟ್ ಆಗಲಿಲ್ಲ. ಗ್ಯಾರೇಜಿನವರು ಬಂದು ಬಾನೆಟ್ ಎತ್ತಿ, ತುಂಡಾದ ವಯರೊಂದನ್ನು ಬೆರಳಿನಲ್ಲಿ ಹಿಡಿದು ತೋರಿಸಿದರು. ಹಲ್ಲಿನ ಗುರುತು ಸ್ಪಷ್ಟವಾಗಿತ್ತು. ಪಕ್ಕದ ಮನೆಯಾಕೆ ಒಣಗಿದ ಬಟ್ಟೆ ತೆಗೆಯುವುದನ್ನು ಬಿಟ್ಟು ಬಂದಳು.

"ನಮ್ಮದರ ಒಂದು ವಯರಿಗೂ ಹಲ್ಲು ತಾಗಲಿಲ್ಲ ಅಕ್ಕ. ನಾವು ಚೊಕ್ಕ ಇಡ್ತೇವಲ್ಲ, ಹಾಗೆ."

ಕೊಳೆ ಬೇಕಾಗಿ ಬಂದದ್ದಾದರೆ ಕೊಳೆಯನ್ನೇ ತಿನ್ನಬಹುದಿತ್ತು, ವಯರು ಯಾಕೆ ತಿಂದಿತು ಎಂದು ನಾಲಿಗೆಯ ತುದಿಯವರೆಗೆ ಬಂತು. ನಾನು ಹೇಳಿದ್ದು ಇಷ್ಟೇ: "ಹೌದು, ನಿಮ್ಮದು ಒಳ್ಳೇ ಹೊಳೀತದೆ."

ಅದಕ್ಕೆ ಕೇಳ್ತದೆ

ಪುತ್ತೂರಿನ ಸಂತೆಯಿಂದ ಹೊಗೆಸೊಪ್ಪು ತರಿಸಿ ಇಂಜಿನ್ನಿನ ಸುತ್ತ ಕಟ್ಟಿದೆ. ಮಾರನೆಯ ದಿನ ಹೊಗೆಸೊಪ್ಪೂ ಇಲ್ಲ, ಇನ್ನೊಂದು ವಯರೂ ಇಲ್ಲ. ನಮ್ಮವರು, "ಊಟದ ಜೊತೆ ಎಲೆ ಅಡಿಕೆಯ ವ್ಯವಸ್ಥೆಯನ್ನೂ ಮಾಡಿದ್ದೀ" ಎಂದರು.

ಆಮೇಲೆ ಬೋನು ತಂದೆವು. ನಾನು ಶೀಟಿನ ಕೆಳಗೆ ನಿಂತು, "ಇಲಿ ಎಲ್ಲಿಂದ ಬರ್ತದೋ ಅಲ್ಲೇ ಇಡಿ" ಎಂದು ನಮ್ಮವರಿಗೆ ಹೇಳುತ್ತಿದ್ದೆ. ಪಕ್ಕದ ಮನೆಯಾಕೆ ಓಡಿ ಬಂದು ಬಾಯಿಗೆ ಬೆರಳಿಟ್ಟಳು.

"ಹೆಸರು ಹೇಳ್ಬೇಡಿ ಮಾರಾಯ್ರೆ. ಬೋನು ಇಡುವಾಗ ಯಾರಾದ್ರೂ ಹೆಸರು ಹೇಳ್ತಾರಾ? ಅದಕ್ಕೆ ಕೇಳ್ತದೆ. ಕೇಳಿದ್ರೆ ಆ ಕಡೆಗೇ ಬರುದಿಲ್ಲ."

ಗಣಿತದ ಮೇಷ್ಟ್ರಾದ ನಮ್ಮವರಿಗೆ ಇದನ್ನು ಕೇಳಿ ತಡೆಯಲಾಗಲಿಲ್ಲ. "ಅದಕ್ಕೆ ಕನ್ನಡ ಬರ್ತದೆ ಅಂತ ಯಾರು ಹೇಳಿದರು?"

"ಇಲ್ಲಿಯದ್ದಕ್ಕೆ ತುಳು, ಅರೆಭಾಷೆ, ಮಲಯಾಳ ಎಲ್ಲ ಬರ್ತದೆ ಸಾರ್. ನಿಮ್ಮ ಊರಿನ ಕನ್ನಡ ಮಾತ್ರ ಸ್ವಲ್ಪ ಕಷ್ಟ ಆಗ್ಬಹುದು."

ನನಗೆ ಸಿಟ್ಟೂ ಬಂತು, ಉಪಾಯವೂ ಹೊಳೆಯಿತು. ಆಕೆ ಒಳಗೆ ಹೋದ ಮೇಲೆ ನಾನು ಅಪ್ಪಟ ಗದಗದ ಮಾತಿನಲ್ಲಿ, "ಕೊಬ್ಬರಿ ಸುಟ್ಟು ಒಳಗ ಸಿಗಸ್ರಿ, ಬಾಗಲಾ ಸಡ್ಲ ಇಡ್ರಿ" ಎಂದು ನಮ್ಮವರಿಗೆ ಹೇಳಿ ಬೋನು ಇಡಿಸಿದೆ. ಬೆಳಿಗ್ಗೆ ನೋಡಿದರೆ ಬಾಗಿಲು ಹಾಗೇ ಇತ್ತು, ಕೊಬ್ಬರಿ ಇರಲಿಲ್ಲ.

ನಾನು ತುಳು ಕಲಿಯಲಿಕ್ಕೆ ಎಷ್ಟು ವರ್ಷ ಒದ್ದಾಡಿದ್ದೇನೆ. ಅದು ಒಂದೇ ದಿನದಲ್ಲಿ ಗದಗದ ಕನ್ನಡ ಕಲಿತಿತ್ತು.

ಕಾರಿಗೆ ಬೂತಾಯಿ

ಹಾಗಾದರೆ ಪಕ್ಕದ ಕಾರಿನ ಗುಟ್ಟೇನು ಎಂದು ನಾನು ಕಿಟಕಿಯಲ್ಲಿ ಕೂತು ನೋಡತೊಡಗಿದೆ. ಸಿಕ್ಕಿತು. ಅವರ ಬೆಕ್ಕು. ಹಗಲಿಡೀ ಅದು ಅವರ ಕಾರಿನ ಬಾನೆಟ್ಟಿನ ಮೇಲೆಯೇ ಕೂತಿರುತ್ತದೆ. ಹೊದಿಕೆಯ ಮೇಲಿಂದಲೇ ಮೂಗನ್ನು ವೈಪರಿನ ಹತ್ತಿರ ಇಟ್ಟು, ಕಣ್ಣು ಮಿಟುಕಿಸದೆ ಕಾವಲು. ನಮ್ಮ ಕಾರಿನ ಕಡೆಗೆ ತಿರುಗಿಯೂ ನೋಡುವುದಿಲ್ಲ. ಆ ಬೆಕ್ಕನ್ನು ನಮ್ಮ ಕಡೆಗೆ ಸೆಳೆಯಬೇಕೆಂದು ತೀರ್ಮಾನಿಸಿದೆ.

ನಮ್ಮದು ಮೊಟ್ಟೆಯೂ ಬರದ ಮನೆ. ಆದರೂ ಸ್ಕೂಟರಿನಲ್ಲಿ ಮೀನು ತರುವವರ ಹಾರನ್ನು ಕೇಳಿದಾಗ ಗೇಟಿಗೆ ಹೋಗಿ ನಿಂತೆ. ಅವರಿಗೆ ಗಾಬರಿ.

"ನೆಂಟರು ಬಂದಿದ್ದಾರಾ ಅಮ್ಮ?"

"ಇಲ್ಲ. ಕಾರಿಗೆ."

ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು, ಆಮೇಲೆ ಕಾರಿನ ಮುಖ ನೋಡಿದರು. "ಈ ಕಾರಿಗಾದ್ರೆ ಬೂತಾಯಿ ಸಾಕು. ಅಂಜಲಿನಂಥ ದೊಡ್ಡ ಮೀನೆಲ್ಲ ಲಾರಿಗೆ ಕೊಡುವಾ."

ಮೂಗು ಮುಚ್ಚಿಕೊಂಡು ಆ ಸಣ್ಣ ಮೀನುಗಳನ್ನು ನಮ್ಮ ಕಾರಿನ ಕೆಳಗೆ ಇಟ್ಟೆ. ಬೆಕ್ಕು ಇಳಿದು ಬಂತು, ತಲೆಯಿಂದ ಬಾಲದವರೆಗೆ ತಿಂದಿತು, ನಮ್ಮ ಟಯರಿಗೆ ಮೈ ಒರೆಸಿತು. ನನ್ನ ಕಣ್ಣೆದುರೇ ಹಿಂದಿರುಗಿ ಹೋಗಿ ಅವರ ಬಾನೆಟ್ಟಿನ ಮೇಲೆ ಹತ್ತಿ ಕೂತಿತು.

ಸಂಜೆ ಪಕ್ಕದ ಮನೆಯಾಕೆ ಗೋಡೆಯ ಮೇಲಿನಿಂದ ಬಗ್ಗಿದಳು. ದನಿ ತಗ್ಗಿಸಿ, "ಅಕ್ಕ, ನಿಮ್ಮಲ್ಲಿ ಮೀನು ತಿನ್ನುದು ಯಾವಾಗ ಶುರು ಮಾಡಿದ್ದು? ಒಂದು ಮಾತು ಹೇಳಿದ್ರೆ ನಾನೇ ಸಾರು ಕೊಡ್ತಿದ್ದೆ" ಎಂದಳು.

ದೊಡ್ಡ ಮನಸ್ಸು

ಸೀಮಂತಕ್ಕೆ ಹೊರಡುವ ಹಿಂದಿನ ಸಂಜೆ ನಾನು ಶೀಟಿನ ಕೆಳಗೆ ನಿಂತು ತಂಗಿಗೆ ಫೋನು ಮಾಡಿದೆ. ಪಕ್ಕದ ಮನೆಗೆ ಕೇಳಲಿ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ. "ಸ್ಟ್ಯಾಂಡಿಗೆ ಕಾರ್ ಕಳಸಬ್ಯಾಡ. ನಾಳೆ ಮುಂಜಾನೆ ಬಿಡ್ತೀವಿ, ನಮ್ಮ ಕಾರಿನ್ಯಾಗ, ಸೀದಾ ನಿನ್ನ ಬಾಗಲಕ್ಕ."

ಫೋನಿಟ್ಟು, ಪೆಟ್ಟಿಗೆ ಇಡಲು ಕಾರು ಹಿಂದೆ ತೆಗೆಯಿರಿ ಎಂದು ನಮ್ಮವರಿಗೆ ಹೇಳಿದೆ. ಅವರು ಕೀ ತಿರುಗಿಸಿದರು. ಟಕ್ ಎಂದಿತು, ಅಷ್ಟೇ. ಗ್ಯಾರೇಜಿನವರು ಬಂದು ನೋಡಿ, ಈ ಸಲ ವಯರಿನ ಕಟ್ಟನ್ನೇ ತಿಂದಿದೆ, ಹೊಸದು ಮಂಗಳೂರಿನಿಂದ ಬರಬೇಕು ಎಂದರು. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಬಾಗಿಲ ಮುಂದೆ ಇಳಿಯುತ್ತೇನೆ ಎಂದು ಹೇಳಿದ ಬಾಯಿ ಇನ್ನೂ ಆರಿರಲಿಲ್ಲ.

ಪಕ್ಕದ ಮನೆಯಾಕೆ ಕೈಯಲ್ಲಿ ಕೀ ಹಿಡಿದೇ ಬಂದಳು. "ಎಂತಕ್ಕೆ ಬೇಜಾರು ಮಾಡುದು? ನಮ್ಮದು ಸುಮ್ಮನೆ ನಿಂತು ಉಂಟಲ್ಲ. ತಗೊಂಡು ಹೋಗಿ ಅಕ್ಕ."

ಒಬ್ಬರ ಮೇಲೆ ಹೊಟ್ಟೆಕಿಚ್ಚು ಪಡುತ್ತಿರುವಾಗ ಅವರು ಒಳ್ಳೆಯವರಾಗಿಬಿಟ್ಟರೆ ಆಗುವ ಸಂಕಟ ಬೇರೆಯೇ. ಎರಡು ಸಲ ಬೇಡ ಅಂದು ಮೂರನೆಯ ಸಲಕ್ಕೆ ಒಪ್ಪಿಕೊಳ್ಳೋಣ ಎಂದುಕೊಂಡಿದ್ದೆ. ನಾನು ಮೊದಲನೆಯ ಬೇಡ ಅನ್ನುವಷ್ಟರಲ್ಲಿ ನಮ್ಮವರು ಕೀ ಜೇಬಿಗೆ ಹಾಕಿಯಾಗಿತ್ತು.

ಬೆಳಿಗ್ಗೆ ಆಕೆ ಹೊದಿಕೆ ತೆಗೆದು ಮಡಚುತ್ತ ಹೇಳಿದ್ದು ಇಷ್ಟು: ಒಳಗೆ ಏನೂ ತಿನ್ನಬಾರದು, ಗಾಜು ಇಳಿಸಿದರೆ ಧೂಳು ಬರುತ್ತದೆ, ಚಪ್ಪಲಿ ಬಿಚ್ಚಿ ಹತ್ತಬೇಕು. ಚಪ್ಪಲಿಯನ್ನು ಚೀಲಕ್ಕೆ ಹಾಕಿ ಮಡಿಲಲ್ಲಿಟ್ಟುಕೊಂಡು ಕೂತೆ. ಹುಬ್ಬಳ್ಳಿ ದಾಟುವವರೆಗೂ ನನಗೆ ದೇವಸ್ಥಾನದಲ್ಲಿ ಕೂತ ಹಾಗೇ ಅನಿಸುತ್ತಿತ್ತು. ಎರಡು ಸಲ ಅರಿವಿಲ್ಲದೆ ಕೈಮುಗಿದೆ.

ತವರಿನ ಸುಖ

ತಂಗಿಯ ಬಾಗಿಲ ಮುಂದೆ ಅವಳ ನೀಲಿ ಕಾರು ನಿಂತಿತ್ತು. ಅದರ ಪಕ್ಕದಲ್ಲೇ ನಮ್ಮವರು ಬಿಳಿ ಕಾರನ್ನು ನಿಲ್ಲಿಸಿದರು. ಅದರ ಮುಂದೆ ನೀಲಿ ಕಾರು ಗಿಡ್ಡವಾಗಿ ಕಂಡಿತು. ತಂಗಿ ಆರತಿ ತಟ್ಟೆ ಹಿಡಿದು ಹೊರಗೆ ಬಂದವಳು ನನ್ನನ್ನು ನೋಡುವ ಮೊದಲು ಕಾರನ್ನು ನೋಡಿದಳು.

"ಅಕ್ಕಾ, ಇದು ನಿಮ್ಮದೇನು?"

ನಮ್ಮವರು ಬಾಯಿ ತೆಗೆದರು. ನಾನು ಅವರ ಕಾಲು ತುಳಿದು, "ಬಿಸಲಾಗ ಬಂದೀವಿ, ಮೊದಲ ನೀರು ಕೊಡು" ಎಂದೆ. ಸುಳ್ಳು ಹೇಳಲಿಲ್ಲ. ತಂಗಿಯ ಮುಖ ಸಣ್ಣಗಾದದ್ದನ್ನು ಕಣ್ತುಂಬ ನೋಡಿದೆ. ಆ ನೀರಿನಷ್ಟು ಸಿಹಿಯಾದ ನೀರನ್ನು ನಾನು ಕುಡಿದದ್ದಿಲ್ಲ.

ಲೋಟ ಕೆಳಗಿಡುವಷ್ಟರಲ್ಲಿ ತಂಗಿಯ ಗಂಡ, "ಬಾನೆಟ್ ತಗೀರಿ ಅಣ್ಣಾರ, ಇಂಜಿನ್ ಹ್ಯಾಂಗೈತಿ ನೋಡೂಣು" ಎಂದರು. ನಮ್ಮವರು ತೆಗೆದರು.

ವೈಪರಿನ ಕೆಳಗಿನ ಪೊಳ್ಳಿನಲ್ಲಿ ಒಂದು ಗೂಡು. ಅದರಲ್ಲಿ ನಮ್ಮ ಕಾರಿನ ವಯರಿನ ಸಿಪ್ಪೆ, ನಾನು ಕಟ್ಟಿದ ಹೊಗೆಸೊಪ್ಪಿನ ನಾರು, ನಮ್ಮ ಬೋನಿನ ಸುಟ್ಟ ಕೊಬ್ಬರಿಯ ಚೂರು, ಕಾರು ಒರೆಸುವ ನಮ್ಮ ಹಳದಿ ಬಟ್ಟೆ. ನಡುವೆ ಒಂದು ದಪ್ಪ ಇಲಿ, ದಾರಿಯಲ್ಲಿ ನಿದ್ದೆ ಮಾಡಿ ಈಗ ಎದ್ದವರ ಹಾಗೆ ನಮ್ಮನ್ನು ನೋಡಿತು. ಆಮೇಲೆ ಕೆಳಗೆ ಧುಮುಕಿ, ಅವಸರವಿಲ್ಲದೆ ತಂಗಿಯ ನೀಲಿ ಕಾರಿನ ಅಡಿಗೆ ಹೋಗಿ ಮೇಲೆ ಹತ್ತಿತು.

ಬೆಕ್ಕು ಕಾಯುತ್ತಿದ್ದದ್ದು ಕಾರನ್ನಲ್ಲ ಎಂದು ನನಗೆ ಆಗ ತಿಳಿಯಿತು. ನಮ್ಮವರು ಕಷ್ಟದ ಲೆಕ್ಕವೊಂದು ಬಿಡಿಸಿದ ಸಂತೋಷದಲ್ಲಿ ಎಲ್ಲರೆದುರು ಹೇಳಿದರು: "ಈಗ ಸರಿಹೋಯ್ತು ನೋಡು. ಪಕ್ಕದವರ ಕಾರು ಎಂದೂ ಅಲುಗಾಡಂಗಿಲ್ಲ, ಹಂಗಾಗಿ ಮನಿ ಇಲ್ಲಿ. ಇದ್ದ ಮನಿ ಯಾರು ತಿಂತಾರ? ಊಟಕ್ಕ ನಮ್ಮ ಕಾರಿಗೆ ಬರ್ತಿತ್ತು."

"ಪಕ್ಕದವರ ಕಾರು?" ಎಂದಳು ತಂಗಿ. ಆ ಎರಡೇ ಮಾತು. ಆರತಿ ತಟ್ಟೆಯನ್ನು ಇನ್ನೊಂದು ಕೈಗೆ ಬದಲಾಯಿಸಿದಳು. ಈಗ ಅವಳ ಮುಖದಲ್ಲಿ ಕಾಣುತ್ತಿದ್ದ ಸುಖವನ್ನು ನಾನು ವಿವರಿಸುವುದಿಲ್ಲ.

ಸುಳ್ಯಕ್ಕೆ ಬಂದು ಕೀ ಕೊಡುವಾಗ ಪಕ್ಕದ ಮನೆಯಾಕೆಗೆ ಎಲ್ಲ ಹೇಳಿದೆ. ಇನ್ನಾದರೂ ಆಕೆಯ ತಲೆ ತಗ್ಗೀತು ಎಂದುಕೊಂಡಿದ್ದೆ.

"ನೋಡಿ, ಚೊಕ್ಕ ಇದ್ದಲ್ಲೇ ಅದು ಮನೆ ಮಾಡಿದ್ದು" ಎಂದಳು ಆಕೆ. "ಮತ್ತೆ ನಾನು ಹೇಳಿದ್ದಲ್ವಾ, ಅದಕ್ಕೆ ಕೇಳ್ತದೆ ಅಂತ. ಊರಿಗೆ ಹೋಗುದು ಅಂತ ಶೀಟಿನ ಕೆಳಗೆ ನಿಂತು ಜೋರಾಗಿ ಹೇಳಿದ್ದು ಯಾರು?"

ಕೆಲವು ದಿನ ಕಳೆದು ತಂಗಿಯ ಫೋನು ಬಂತು. ಕಾರು ಸ್ಟಾರ್ಟ್ ಆಗುತ್ತಿಲ್ಲ, ಬೀಗರ ಮನೆಗೆ ಬಸ್ಸಿಗೆ ಹೋಗಿಬಂದೆವು ಎಂದಳು. "ಬೋನಿನ್ಯಾಗ ಜೋಳದ ರೊಟ್ಟಿ ಇಟ್ಟೀನಿ ಅಕ್ಕಾ. ಮೂಸಿ ಸೈತ ನೋಡವಲ್ದು."

"ಅದು ನಮ್ಮ ಸುಳ್ಯದ ಕಡೀದು. ಕೊಬ್ಬರಿ ಸುಟ್ಟು ಇಡು. ಮತ್ತ ಅದರ ಹೆಸರು ಹೇಳಬ್ಯಾಡ, ಕೇಳಿಸ್ಕೋತೈತಿ."

"ಅದಕ್ಕ ನಮ್ಮ ಮಾತು ಹ್ಯಾಂಗ ತಿಳೀಬೇಕು?"

"ತಿಳೀತೈತಿ. ನಾನ ಕಲಿಸೀನಿ."

ಈಗ ನಮ್ಮ ಕಾರು ದಿನಾ ಸ್ಟಾರ್ಟ್ ಆಗುತ್ತದೆ. ಪಕ್ಕದ ಮನೆಯಾಕೆಯ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ತಂಗಿಯ ಮೇಲೂ ಇಲ್ಲ. ಇರುವುದು ಆ ಇಲಿಯ ಮೇಲೆ. ಸುಳ್ಯಕ್ಕೆ ಬಂದಂದಿನಿಂದ ತವರೂರಿನಲ್ಲಿ ಒಂದು ವಾರ ನೆಮ್ಮದಿಯಾಗಿ ಇದ್ದು ಬರೋಣವೆಂದರೆ ನನಗೆ ಆಗಲಿಲ್ಲ. ಅದು ಹೋದದ್ದು ಅಲ್ಲೇ ಉಳಿದುಬಿಟ್ಟಿತು. ನಾನು ಹೋದಾಗ ಚಟ್ನಿಗೆ ಒಂದು ತುಂಡು ಕೊಬ್ಬರಿ ಕೇಳಿದರೆ, "ಭಾಳ ತುಟ್ಟಿ ಆಗೇತಿ ಅಕ್ಕಾ" ಎನ್ನುತ್ತಿದ್ದ ನನ್ನ ತಂಗಿ, ಈಗ ಅದಕ್ಕೆ ದಿನಾ ಸಂಜೆ ತಾಜಾ ಕೊಬ್ಬರಿ ಸುಟ್ಟು, ಹೆಸರು ಕೂಡ ಹೇಳದೆ, ಮರ್ಯಾದೆಯಿಂದ ಇಟ್ಟು ಬರುತ್ತಿದ್ದಾಳಂತೆ.