ಹುಣಸೆಹುಳಿ ಇಲ್ಲದ ಪತ್ರೊಡೆ

ಪತ್ರೊಡೆ ಮಾಡುವುದು ಬಹಳ ಸುಲಭ. ಅಕ್ಕಿ, ಮೆಣಸಿನಕಾಯಿ, ಹುಣಸೆಹುಳಿ ಸೇರಿಸಿ ರುಬ್ಬಿದ ಹಿಟ್ಟನ್ನು ಕೆಸುವಿನ ಎಲೆಗೆ ಸವರಿ, ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸಿದರೆ ಮುಗಿಯಿತು. ಇಷ್ಟು ಸುಲಭವಾದದ್ದನ್ನು ಕೆಡಿಸಲು ವಿಶ್ವವಿದ್ಯಾನಿಲಯದ ಪದವಿಯೇ ಬೇಕು. ನನ್ನಲ್ಲಿ ಅದು ಇತ್ತು.

ನಾನು ಮದುವೆಯಾಗಿ ಭದ್ರಾವತಿಯ ಜನ್ನಾಪುರಕ್ಕೆ ಬಂದ ವರ್ಷ, ನಾದಿನಿ ಶಾರದೆಯನ್ನು ನೋಡಲು ಶಿವಮೊಗ್ಗದಿಂದ ಗಂಡಿನವರು ಬಂದರು. ಹುಡುಗನ ತಾಯಿಗೆ ಸಂಗೀತವೆಂದರೆ ಪ್ರಾಣ. ಹುಡುಗಿಯ ಬಣ್ಣ ಹೇಗಿದ್ದರೂ ಸರಿ, ಕಂಠ ಚೆನ್ನಾಗಿರಬೇಕೆಂದು ಮೊದಲೇ ಹೇಳಿ ಕಳಿಸಿದ್ದರು. ಶಾರದೆಗೆ ಈ ಮೊದಲೇ ಎರಡು ಸಂಬಂಧ ತಪ್ಪಿಹೋಗಿತ್ತು. ಆದ್ದರಿಂದ ಗಂಟಲು ಕೆಡಬಾರದೆಂದು ಅತ್ತೆಯವರು ಕೆಲವು ದಿನಗಳಿಂದ ಅವಳಿಗೆ ಹುಳಿಯನ್ನೇ ಮುಟ್ಟಗೊಟ್ಟಿರಲಿಲ್ಲ.

ಹುಡುಗನ ತಂದೆಗೆ ಪತ್ರೊಡೆ ಇಷ್ಟವಂತೆ. ಆ ಹೊಣೆ ನನ್ನದಾಯಿತು. ಶಾರದೆಯೂ ತಿನ್ನುವವಳೇ ಆದ್ದರಿಂದ, ಅತ್ತೆಯವರ ನಿಯಮವನ್ನು ನಾನು ಹಿಟ್ಟಿಗೂ ವಿಸ್ತರಿಸಿದೆ. ಹುಣಸೆಹುಳಿಯನ್ನು ಪೂರ್ತಿ ಕೈಬಿಟ್ಟೆ! ಬಡಿಸುವ ಮುನ್ನ ರುಚಿ ನೋಡಿದರೆ ನಮ್ಮ ಮನೆಯಲ್ಲಿ ಎಂಜಲು. ಹಾಗಾಗಿ ನನ್ನ ಸಂಶೋಧನೆ ನೇರವಾಗಿ ಅತಿಥಿಗಳ ಎಲೆಗೇ ಹೋಯಿತು.

ರೈಲಿಳಿದು ಹಸಿದು ಬಂದ ಗಂಡಿನವರು ನಡುಮನೆಯಲ್ಲಿ ತಿಂದರು. ಶಾರದೆ ಅಡುಗೆಮನೆಯಲ್ಲಿ ತಿಂದಳು.

"ಅತ್ತಿಗೆ, ಗಂಟಲಲ್ಲಿ ಮುಳ್ಳು ಚುಚ್ಚಿದ ಹಾಗಾಗ್ತಿದೆ!"

"ಹೆದರಿಕೆ ಅಷ್ಟೇ," ಎಂದು ಕಾಳುಮೆಣಸಿನ ಕಷಾಯ ಕಾಯಿಸಿ ಕುಡಿಸಿದೆ. ತುರಿಕೆಯ ಜೊತೆಗೆ ಉರಿಯೂ ಸೇರಿತು.

ಅತಿಥಿಗಳ ಜೊತೆ ಒಂದು ತುಂಡು ತಿಂದಿದ್ದ ಅತ್ತೆಯವರು ಗಂಟಲು ಹಿಡಿದುಕೊಂಡು ಒಳಗೆ ಬಂದರು.

"ಹುಳಿ ಎಷ್ಟು ಹಾಕಿದ್ಯೇ ಮಾರಾಯ್ತಿ?"

"ಹಾಕೇ ಇಲ್ಲ ಅತ್ತೆ. ಶಾರದೆ ಹಾಡಬೇಕಲ್ಲ ಅಂತ..."

"ಕೆಸುವಿನ ತುರಿಕೆ ಹೋಗೋದೇ ಹುಳಿಯಿಂದ ಕಣೇ! ಕಾಲೇಜಲ್ಲಿ ಇಷ್ಟೂ ಹೇಳ್ಕೊಡ್ಲಿಲ್ವಾ?"

ಹೇಳಿಕೊಟ್ಟಿರಲಿಲ್ಲ. ನಾನು ಓದಿದ್ದು ರಸಾಯನಶಾಸ್ತ್ರ.

ನಡುಮನೆಯತ್ತ ಇಣುಕಿದೆ. ಹುಡುಗ ಕತ್ತು ಕೆರೆದುಕೊಳ್ಳುತ್ತಿದ್ದ. ಅವನ ತಂದೆ ಕಣ್ಣು ಮುಚ್ಚಿ ಧ್ಯಾನಸ್ಥರಾಗಿದ್ದರು. ತಾಯಿಯವರು ಮಾತ್ರ ಮರ್ಯಾದೆ ಬಿಡದೆ, ಒಡೆದ ದನಿಯಲ್ಲಿ, "ಹುಡುಗಿ ಹಾಡ್ಲಿ" ಎಂದರು.

ಶಾರದೆ ಜಮಖಾನದ ಮೇಲೆ ಕುಳಿತು ಬಾಯಿ ತೆರೆದಳು. ಎಣ್ಣೆ ಕಾಣದ ಬಾಗಿಲು ತೆರೆದ ಹಾಗಾಯಿತು! ಮತ್ತೆ ಪ್ರಯತ್ನಿಸಿದಳು. ಈ ಸಲ ಬಾಗಿಲೂ ತೆರೆಯಲಿಲ್ಲ. ಕಣ್ಣಲ್ಲಿ ನೀರು ಬಂತು. ಮೂರನೆಯ ಸಂಬಂಧವೂ ನನ್ನ ಕೈಯಿಂದಲೇ ಹೋಯಿತೆಂದುಕೊಂಡೆ.

ಅಷ್ಟರಲ್ಲಿ ಅತ್ತೆಯವರು ಹುಳಿ ಮಜ್ಜಿಗೆಗೆ ಉಪ್ಪು ಕಲಕಿ ತಂದರು. ಶಾರದೆ ತಾನು ಕುಡಿಯದೆ, ಮೊದಲ ಲೋಟವನ್ನು ಹುಡುಗನ ತಾಯಿಗೆ ಕೊಟ್ಟಳು. ಅವರು ಕುಡಿದರು. ಇನ್ನೊಂದು ಲೋಟ ಕುಡಿದರು. ಬಳಿಕ ದನಿ ಬಂತು.

"ಈ ಪತ್ರೊಡೆ ಯಾರು ಮಾಡಿದ್ದು?"

ಮನೆಯವರೆಲ್ಲ ನನ್ನನ್ನು ನೋಡಿದರು. ನನ್ನ ಯಜಮಾನರೂ!

"ನಾನು," ಎಂದೆ.

"ಹುಡುಗಿಗೆ ಅಡುಗೆ ಕಲಿಸಿದ್ದೂ ನೀವೇನಾ?"

"ಅಯ್ಯೋ, ಇಲ್ಲ! ನಾನೇ ಕಲಿಸಿದ್ದು," ಎಂದು ಅತ್ತೆಯವರು ಹಾರಿಬಿದ್ದು ಹೇಳಿದರು.

"ಹಾಗಾದ್ರೆ ನಮಗೆ ಒಪ್ಪಿಗೆ. ಇಂಥ ಗಂಟಲಲ್ಲೂ ನಮ್ಮನ್ನ ನೋಡ್ಕೊಂಡ್ಳಲ್ಲ, ಹಾಡು ನಮ್ಮನೇಲೇ ಕೇಳ್ತೀನಿ."

ಮದುವೆಯಲ್ಲಿ ನನಗೆ ಅಡುಗೆಮನೆಯಿಂದ ಬಹು ದೂರದ, ಗೌರವದ ಕೆಲಸವನ್ನು ವಹಿಸಲಾಯಿತು. ಚಪ್ಪರದ ಬಾಗಿಲಲ್ಲಿ ನಿಂತು ಪನ್ನೀರು ಚಿಮುಕಿಸುವುದು. ಪನ್ನೀರುದಾನಿಯನ್ನು ಅತ್ತೆಯವರೇ ತುಂಬಿಸಿ ಕೊಟ್ಟರು.