ಮುಂದಾಳಿನ ಹಿಂದೆ ಐದು ಜನ

ಬಡವರ ಮಕ್ಕಳನ್ನು ಓದಿಸಿ, ವೃತ್ತಿವಂತರನ್ನಾಗಿಯೂ ಸಮಾಜದ ಮುಂದಾಳುಗಳನ್ನಾಗಿಯೂ ಮಾಡುವ ವಿದ್ಯಾರ್ಥಿವೇತನ ಮಂಡಳಿಯ ನಿಯಮದ ಪ್ರಕಾರ, ಯಾರು ನಡೆದರೆ ಹಿಂದೆ ಐದು ಜನ ನಡೆಯುತ್ತಾರೋ ಅವರೇ ಮುಂದಾಳು; ವೇತನ ಅಂಥವರಿಗೆ ಮಾತ್ರ. ನೆಂಟರು ಈ ಐವರಲ್ಲಿ ಸೇರತಕ್ಕದ್ದಲ್ಲ.

ಇಸ್ತ್ರಿಯವಳ ಮಗಳಿಗೆ ಇದು ತಿಳಿದದ್ದು ಮಂಗಳವಾರ. ಹಲ್ಲಿನ ಡಾಕ್ಟರ್ ಓದಲು ಸೀಟು ಸಿಕ್ಕಿತ್ತು. ಶುಕ್ರವಾರ ಸಂಜೆಯೊಳಗೆ ಮಂಡಳಿಯ ಮಂಜೂರಾತಿ ತೋರಿಸದಿದ್ದರೆ ಸೀಟು ಬೇರೆಯವರ ಪಾಲು.

"ನನ್ನ ಹಿಂದೆ ಯಾರೂ ಇಲ್ಲ ಸಾರ್," ಎಂದಳು.

"ಅದನ್ನ ನೀನು ಹೇಗೆ ಹೇಳ್ತೀಯಮ್ಮ? ನೀನು ಮುಂದೆ ನೋಡ್ಕೊಂಡು ತಾನೆ ನಡೆಯೋದು?" ಎಂದರು ತಪಾಸಣಾಧಿಕಾರಿ. "ಸ್ಥಳಪರಿಶೀಲನೆ ಆಗಬೇಕು."

ಆಯಿತು. ಬುಧವಾರ ಅವಳು ಇಸ್ತ್ರಿ ಬಟ್ಟೆ ಹಂಚಲು ಹೊರಟಾಗ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಲು ತಪಾಸಣಾಧಿಕಾರಿಗಳು ಹಿಂದೆಯೇ ನಡೆದರು. ಮೆಟ್ಟಿಲು ಹತ್ತಿದರು, ಇಳಿದರು, ನಾಯಿ ಬೊಗಳಿದರೆ ಅವಳ ಮರೆಗೆ ಸರಿದರು. ಸಂಜೆ ವರದಿ ಕೊಟ್ಟರು: "ಒಬ್ಬರು ಕಂಡುಬಂದಿರುತ್ತಾರೆ. ಅದು ನಾನು." ಪ್ರಾಮಾಣಿಕ ಮನುಷ್ಯ, ಅಂಥವರು ಈಗ ಎಲ್ಲಿ ಸಿಗುತ್ತಾರೆ!

ತನ್ನನ್ನು ತಾನೇ ದೃಢೀಕರಿಸಿಕೊಳ್ಳಲು ಬರುವುದಿಲ್ಲವಲ್ಲ. ಆದ್ದರಿಂದ ಗುರುವಾರ ಅವರ ಹಿಂದೆ ಸೂಪರಿಂಟೆಂಡೆಂಟರು ನಡೆದರು. ಸೂಪರಿಂಟೆಂಡೆಂಟರನ್ನು ದೃಢೀಕರಿಸಲು ಲೆಕ್ಕಾಧಿಕಾರಿ, ಲೆಕ್ಕಾಧಿಕಾರಿಯ ಬೆನ್ನಿಗೆ ಕೊಡೆ ಹಿಡಿದ ಆಡಿಟರು.

ಶುಕ್ರವಾರ ಮಧ್ಯಾಹ್ನ ನಾಲ್ವರೂ ಇಸ್ತ್ರಿ ಗಾಡಿಯ ಹಿಂದೆ ಸಾಲಾಗಿ ನಿಂತಿದ್ದರು.

"ಇವರೆಲ್ಲ ಯಾರೇ?" ಎಂದಳು ಅಮ್ಮ.

"ಆಫೀಸಿನೋರು. ನಾನು ಮುಂದಾಳು ಹೌದೋ ಅಲ್ವೋ ಅಂತ ನೋಡ್ತಿದಾರೆ. ಇನ್ನೂ ಒಬ್ಬರು ಕಮ್ಮಿ ಬೀಳ್ತಾರಂತೆ."

"ನೋಡಲಿ. ಕಂಬದ ಹಾಗೆ ನಿಲ್ಲೋ ಬದಲು ಆ ಬೆಡ್‌ಶೀಟಿನ ತುದಿ ಹಿಡ್ಕೊಳ್ಳೋಕೆ ಹೇಳು."

ಆಡಿಟರು ಹಿಡಿದುಕೊಂಡರು. ಮಡಿಕೆ ನೇರವಾಗಿ ಬಂತು ಎಂದು ಅಮ್ಮ ಒಪ್ಪಿದಳು.

ಹುಡುಗಿ ಗಡಿಯಾರ ನೋಡಿದಳು. ಕಾಲೇಜಿಗೆ ನೇರ ದಾರಿ ಬಿಟ್ಟು, ಮಂಡಳಿಯ ಕಚೇರಿ ಬೀದಿಗೆ ತಿರುಗಿದಳು. ನಾಲ್ವರೂ ತಿರುಗಿದರು. ಮಹಡಿಯಲ್ಲಿ ಅಧ್ಯಕ್ಷರು ಬೆಳಗಿನಿಂದ ಗಂಟೆ ಒತ್ತಿ ಒತ್ತಿ, ಯಾರೂ ಬಾರದೆ, ಕಿಟಕಿಗೆ ಬಂದು ನಿಂತಿದ್ದರು. ತಮ್ಮ ಇಡೀ ಕಚೇರಿ ಕೆಳಗೆ ಸಾಲಾಗಿ ಹೋಗುತ್ತಿರುವುದನ್ನು ಕಂಡು ಚಪ್ಪಲಿ ಮೆಟ್ಟಿ ಓಡಿಬಂದರು.

"ನಿಂತ್ಕೊಳ್ರೀ! ಎಲ್ಲಿಗೆ?"

"ನಿಂತರೆ ಪರಿಶೀಲನೆ ಕೆಡುತ್ತೆ ಸಾರ್," ಎಂದರು ಆಡಿಟರು, ತಿರುಗದೆ. "ನಡೀತಾ ಕೇಳಿ."

ಅಧ್ಯಕ್ಷರು ನಡೆಯುತ್ತಾ ಕೇಳಿದರು. ಐದು ಜನ ಆಯಿತು. ಮಂಜೂರಾತಿ ಪತ್ರ ಕೈಯಿಂದ ಕೈಗೆ ಹಿಂದಕ್ಕೆ ಬಂತು, ಆಡಿಟರ ಬೆನ್ನ ಮೇಲೆ ಅಧ್ಯಕ್ಷರ ಸಹಿ ಬಿತ್ತು, ಕೈಯಿಂದ ಕೈಗೆ ಮುಂದಕ್ಕೆ ಹೋಯಿತು. ಕಾಲೇಜಿನವರು ಕಿಟಕಿ ಮುಚ್ಚುವ ಮೊದಲು ಹುಡುಗಿ ಅದನ್ನು ಒಳಗೆ ತೂರಿಸಿದಳು.

ಹಿಂದೆ ನಡೆಯಲು ಆದೇಶವಿತ್ತು, ನಿಲ್ಲಿಸಲು ಆದೇಶವಿರಲಿಲ್ಲ. ಹೀಗಾಗಿ ಐವರೂ ಓದು ಮುಗಿಯುವವರೆಗೆ ಹಿಂದಿನ ಬೆಂಚಿನಲ್ಲಿ ಕೂತರು. ಲೆಕ್ಕಾಧಿಕಾರಿಗಳು ಈಗಲೂ ದವಡೆಹಲ್ಲಿನ ಬಗ್ಗೆ ಚೆನ್ನಾಗಿ ಮಾತಾಡುತ್ತಾರೆ. ಇವತ್ತು ಹುಡುಗಿ ಡಾಕ್ಟರಮ್ಮ. ಮಂಡಳಿಯ ಬೋರ್ಡು ಅವಳ ಕ್ಲಿನಿಕ್ಕಿನ ಬಾಗಿಲಿಗೇ ಇದೆ. ರೋಗಿಗಳ ಬೆಂಚಿನಲ್ಲಿ ಐವರೂ ಹುದ್ದೆಯ ಪ್ರಕಾರ ಕೂರುತ್ತಾರೆ.

ಮೊನ್ನೆ ಹಮಾಲಿಯೊಬ್ಬನ ಮಗಳು ಬಂದಳು. ಲಾಯರ್ ಆಗಬೇಕಂತೆ. ಹಿಂದೆ ಯಾರೂ ಇಲ್ಲವಂತೆ.

"ನಾವೆಲ್ಲ ಡಾಕ್ಟರಮ್ಮನ ಹಿಂದೆ ಇದೀವಲ್ಲಮ್ಮ," ಎಂದು ತಪಾಸಣಾಧಿಕಾರಿಗಳು ಕೈಚೆಲ್ಲಿದರು. "ಸಿಬ್ಬಂದಿ ಕೊರತೆ."

ಡಾಕ್ಟರಮ್ಮ ಕೈಗವಸು ಬಿಚ್ಚಿದಳು. ಕುರ್ಚಿಯಲ್ಲಿದ್ದವರಿಗೆ, "ಬಾಯಿ ಮುಚ್ಚಬೇಡಿ, ಬಂದೆ," ಎಂದಳು. ಹೊರಗೆ ಬಂದು, "ನಡಿಯಮ್ಮ ಮುಂದೆ," ಎಂದಳು.

ಹುಡುಗಿ ನಡೆದಳು. ಅವಳ ಹಿಂದೆ ಡಾಕ್ಟರಮ್ಮ, ಡಾಕ್ಟರಮ್ಮನ ಹಿಂದೆ ಐವರು, ಐವರ ಹಿಂದೆ, ಮುಚ್ಚಲು ಯಾರೂ ಹೇಳದ್ದರಿಂದ ಬಾಯಿ ತೆರೆದುಕೊಂಡೇ, ಆ ರೋಗಿ. ಬೀದಿಯ ಜನ ದಾರಿ ಬಿಟ್ಟುಕೊಟ್ಟರು. ಆಡಿಟರು ನಡೆಯುತ್ತಲೇ ಷರಾ ಬರೆದರು: "ಅರ್ಹಳು. ಹೆಚ್ಚುವರಿ ಇಬ್ಬರನ್ನು ಮುಂದಿನ ಅರ್ಜಿದಾರರಿಗೆ ಕಾದಿರಿಸಲಾಗಿದೆ."